ಕುರಿಕ್ಯಾಲದ ಕಲ್ಲು, ಮೂರು ಕಡತಗಳು

ಹಿಂದೊಂದು ನವೆಂಬರಿನಲ್ಲಿ ನಮ್ಮವರ ರಾಜ್ಯೋತ್ಸವದ ಸಭೆಯೊಂದಕ್ಕೆ ಹೋಗಿದ್ದೆವು. ಊರಿನಿಂದ ಬಂದಿದ್ದ ಭಾಷಣಕಾರರು ಆದಿಕವಿ ಪಂಪನ ಹೆಸರೆತ್ತಿ, ಅವನಿಗೆ ಆಶ್ರಯ ಕೊಟ್ಟ ಅರಿಕೇಸರಿಯ ವೇಮುಲವಾಡ ಇಲ್ಲೇ ಪಕ್ಕದಲ್ಲಿದೆಯೆಂದು ನೆನಪಿಸಿ, "ನೀವು ಹೊರನಾಡಿನಲ್ಲಿಲ್ಲ, ಇದು ಒಂದು ಕಾಲಕ್ಕೆ ನಿಮ್ಮದೇ ನೆಲ" ಎಂದರು. ಸಭೆ ಜೋರಾಗಿ ಚಪ್ಪಾಳೆ ತಟ್ಟಿತು. ನಾವೂ ತಟ್ಟಿದೆವು. ಸಾಕ್ಷಿಯೇನು ಎಂದು ಯಾರೂ ಕೇಳುವ ಮೊದಲೇ ಅವರು, ಕರೀಂನಗರದ ಕಡೆ ಕುರಿಕ್ಯಾಲ ಎಂಬಲ್ಲಿ ಪಂಪನ ತಮ್ಮನ ಶಾಸನವೇ ಇದೆಯಲ್ಲ, ಎಂದೂ ಸೇರಿಸಿದರು.

ಇದಾದ ಕೆಲವೇ ದಿನಗಳಿಗೆ ನಮ್ಮ ಪಕ್ಕದ ಮನೆಯಲ್ಲಿರುವ ನಿವೃತ್ತ ತೆಲುಗು ಮೇಷ್ಟರು ಮಾತಿನ ನಡುವೆ, ತೆಲುಗಿನಲ್ಲಿ ಕಂದಪದ್ಯ ನನ್ನಯ್ಯನಿಗಿಂತ ನೂರು ವರ್ಷ ಹಿಂದೆಯೇ ಇತ್ತು, ಬೇಕಾದರೆ ಕುರಿಕ್ಯಾಲದ ಕಲ್ಲು ನೋಡಿ, ಎಂದರು. ನಮಗೆ ತಬ್ಬಿಬ್ಬಾಯಿತು. ಸಾಕ್ಷಿ ಒಬ್ಬನೇ, ವಾದಿಯೂ ಅವನನ್ನೇ ಕರೆಯುತ್ತಾನೆ, ಪ್ರತಿವಾದಿಯೂ ಅವನನ್ನೇ ಕರೆಯುತ್ತಾನೆ. ಹಾಗಾದರೆ ಆ ಸಾಕ್ಷಿ ನಿಜವಾಗಿ ಹೇಳಿದ್ದೇನು?

ಇಲ್ಲಿ ಒಂದು ಮಾತು ಅರಿಕೆ ಮಾಡಿಕೊಳ್ಳಬೇಕು. ನಾವು ವಿದ್ವಾಂಸರಲ್ಲ. ಓದಿದ್ದು ಬಿ.ಎಸ್ಸಿ.; ಹೊಟ್ಟೆಪಾಡಿಗೆ ಕೇಂದ್ರ ಸರ್ಕಾರದ ಒಂದು ಕಚೇರಿಯಲ್ಲಿ ಗುಮಾಸ್ತಿಕೆ. ಹಳಗನ್ನಡವನ್ನು ಟೀಕೆಯ ಸಹಾಯವಿಲ್ಲದೆ ನಾಲ್ಕು ಸಾಲು ಓದಲಾರೆವು. ಆದರೆ ಇಪ್ಪತ್ತು ವರ್ಷ ಕಡತ ನೋಡಿದವನಿಗೆ ಒಂದು ಅಭ್ಯಾಸ ಬಂದಿರುತ್ತದೆ: ಮೂಲ ಕಾಗದದಲ್ಲಿ ಏನಿದೆ, ಅದರ ಮೇಲೆ ಬರೆದ ಟಿಪ್ಪಣಿಯಲ್ಲಿ ಏನಿದೆ ಎಂಬುದನ್ನು ಬೇರೆ ಬೇರೆ ಮಾಡಿ ನೋಡುವುದು. ಆ ಅಭ್ಯಾಸವೊಂದನ್ನೇ ನೆಚ್ಚಿಕೊಂಡು, ಬಿಡುವಿನ ಶನಿವಾರಗಳಲ್ಲಿ ಅಫ್ಜಲ್‌ಗಂಜಿನ ಗ್ರಂಥಾಲಯದಲ್ಲಿ ಕುಳಿತು, ಸ್ನೇಹಿತರಿಂದ ಪುಸ್ತಕಗಳನ್ನು ಎರವಲು ತಂದು, ಈ ಕಲ್ಲಿನ ಬಗ್ಗೆ ಸಿಕ್ಕಿದಷ್ಟನ್ನು ಓದಿದೆವು. ಓದಿದ ಮೇಲೆ ಸಂಶೋಧಕರ ಮೇಲೆ ಗೌರವ ಹೆಚ್ಚಿತು. ಜೊತೆಗೆ ಒಂದು ಅತೃಪ್ತಿಯೂ ಉಳಿಯಿತು. ಆ ಅತೃಪ್ತಿಯನ್ನು ವಾಚಕರ ಮುಂದಿಡುವುದೇ ಈ ಬರೆಹದ ಉದ್ದೇಶ.

ಮೊದಲು ಮೂಲ ಕಾಗದ. ಕರೀಂನಗರದಿಂದ ಜಗತ್ಯಾಲದ ದಾರಿಯಲ್ಲಿ ಗಂಗಾಧರ ಎಂಬ ಊರಿದೆ. ಅದರ ಹತ್ತಿರ ಕುರಿಕ್ಯಾಲ. ಅಲ್ಲಿನ ಬಂಡೆಗುಡ್ಡಕ್ಕೆ ಈಗ ಜನ ಬೊಮ್ಮಲಮ್ಮ ಗುಟ್ಟ ಎನ್ನುತ್ತಾರೆ. ಬಂಡೆಯ ಮೇಲೆ ಜಿನರ ವಿಗ್ರಹಗಳನ್ನೂ ಚಕ್ರೇಶ್ವರಿಯನ್ನೂ ಕಡೆದಿದ್ದಾರೆ. ಅಲ್ಲಿಯೇ ಹನ್ನೊಂದು ಸಾಲಿನ ಒಂದು ಶಾಸನ. ಬರೆಯಿಸಿದವನು ಜಿನವಲ್ಲಭ, ಪಂಪನ ತಮ್ಮ. ಸಂಸ್ಕೃತ, ಕನ್ನಡ, ತೆಲುಗು ಮೂರೂ ಅದರಲ್ಲಿವೆ. ತೇದಿ ಹಾಕಿಲ್ಲ, ಸುಮಾರು 945 ಎಂದು ವಿದ್ವಾಂಸರು ಅಂದಾಜು ಮಾಡಿದ್ದಾರೆ. (ಈ ಅಂದಾಜನ್ನು ಭಾಷಣಗಳಲ್ಲಿ ಕಲ್ಲಿನಲ್ಲೇ ಕೊರೆದ ಇಸವಿಯೆಂಬಂತೆ ಹೇಳುತ್ತಾರೆ. ಪ್ರಯೋಗಶಾಲೆಯಲ್ಲಿ ನಾವು ಹಾಗೆ ಬರೆದಿದ್ದರೆ ಡೆಮಾನ್‌ಸ್ಟ್ರೇಟರ್ ಸಾಹೇಬರು ರೆಕಾರ್ಡ್ ಪುಸ್ತಕವನ್ನು ಎಸೆಯುತ್ತಿದ್ದರು.)

ಶಾಸನ ಹೇಳುವ ಸಂಗತಿಗಳು ಇವು. ಜಿನವಲ್ಲಭನ ತಂದೆಯ ಕಡೆಯವರು ವೆಂಗಿನಾಡಿನ ವೆಂಗಿಪಳುವಿನವರು, ಕಮ್ಮೆ ಬ್ರಾಹ್ಮಣರು, ಶ್ರೀವತ್ಸ ಗೋತ್ರದವರು. ಅಭಿಮಾನಚಂದ್ರನೆಂಬ ಹಿರಿಯನ ಹೆಸರು ಬರುತ್ತದೆ. ತಂದೆ ಭೀಮಪಯ್ಯ. ತಾಯಿ ಅಬ್ಬಣಬ್ಬೆ, ಆಕೆ ಬೆಳ್ವೊಲದ ಅಣ್ಣಿಗೆರೆಯ ಜೋಯಿಸ ಸಿಂಘನ ಮೊಮ್ಮಗಳು. ಅಣ್ಣ ಪಂಪನಿಗೆ ಅರಿಕೇಸರಿ ಧರ್ಮವುರವನ್ನು ಅಗ್ರಹಾರವಾಗಿ ಕೊಟ್ಟಿದ್ದ. ಸಬ್ಬಿನಾಡಿನ ನಡುವೆ ಇರುವ ಆ ಧರ್ಮವುರದ ಬಡಗಣ ದಿಕ್ಕಿಗೆ ವೃಷಭಗಿರಿಯೆಂಬ ತೀರ್ಥ. ಅದರ ಸಿದ್ಧಶಿಲೆಯಲ್ಲಿ ತಮ್ಮ ಈ ವಿಗ್ರಹಗಳನ್ನು ಕಡೆಯಿಸಿದ. ತ್ರಿಭುವನತಿಲಕವೆಂಬ ಬಸದಿ, ಕವಿತಾಗುಣಾರ್ಣವವೆಂಬ ಕೆರೆ, ಮದನವಿಲಾಸವೆಂಬ ತೋಟ, ಇವೂ ಅವನು ಮಾಡಿಸಿದವು. ಕವಿತಾಗುಣಾರ್ಣವ ಎಂಬುದು ಪಂಪನ ಬಿರುದು. ಅಣ್ಣನ ಬಿರುದನ್ನು ತಮ್ಮ ಕೆರೆಗಿಟ್ಟ!

ಈಗ ಟಿಪ್ಪಣಿಗಳು. ಕನ್ನಡ ವಿದ್ವಾಂಸರಿಗೆ ಈ ಕಲ್ಲು ಸಿಕ್ಕಿದ್ದು ಪಂಪನ ಜೀವನಚರಿತ್ರೆಯ ಬಾಗಿಲ ಕೀಲಿಕೈ ಸಿಕ್ಕಿದಂತೆ. ಪಂಪಭಾರತವನ್ನು ರೈಸ್ ಸಾಹೇಬರು 1898ರಲ್ಲಿ ಮೊದಲು ಅಚ್ಚು ಹಾಕಿಸಿದರು; ಕನ್ನಡ ಸಾಹಿತ್ಯ ಪರಿಷತ್ತಿನ ಆವೃತ್ತಿ 1931ರಲ್ಲಿ ಬಂತು; ಮುಳಿಯ ತಿಮ್ಮಪ್ಪಯ್ಯನವರ 'ನಾಡೋಜ ಪಂಪ' 1938ರಲ್ಲಿ. ಆ ದಿನಗಳಲ್ಲಿ ಕವಿಯ ಊರು ಮನೆ ತಿಳಿಯಬೇಕಾದರೆ ಕಾವ್ಯದೊಳಗಿನ ಮಾತುಗಳನ್ನೇ ಹಿಂಡಬೇಕಾಗಿತ್ತು. ಬನವಾಸಿಯ ವರ್ಣನೆಯಲ್ಲಿರುವ ಪ್ರೀತಿಯನ್ನು ಕಂಡು ಅಲ್ಲಿಯೇ ಹುಟ್ಟಿ ಬೆಳೆದವನಿರಬೇಕೆಂದು ಊಹಿಸಿದವರುಂಟು. ಕಳೆದ ಶತಮಾನದ ಉತ್ತರಾರ್ಧದಲ್ಲಿ ಕುರಿಕ್ಯಾಲದ ಶಾಸನ ಚರ್ಚೆಗೆ ಬಂದ ಮೇಲೆ ತಾಯಿಯ ಹೆಸರು ತಿಳಿಯಿತು, ಆಕೆಯ ತವರು ತಿಳಿಯಿತು, ಧರ್ಮವುರ ಯಾವ ನಾಡಿನಲ್ಲಿತ್ತೆಂಬುದು ತಿಳಿಯಿತು. ಕಾವ್ಯದ ಪಾಠದಲ್ಲಿ 'ಬಚ್ಚೆಸಾಸಿರ' ಎಂದಿರುವ ನಾಡಿನ ಹೆಸರನ್ನು ಕಲ್ಲಿನ 'ಸಬ್ಬಿನಾಡು' ಪಕ್ಕದಲ್ಲಿಟ್ಟು ನೋಡುವುದಕ್ಕೂ ದಾರಿಯಾಯಿತು. ಇದು ಸಣ್ಣ ಲಾಭವಲ್ಲ. ಸವೆದ ಅಕ್ಷರಗಳನ್ನು ಒಂದೊಂದಾಗಿ ಕೂಡಿಸಿ ಓದಿದವರ ಕಣ್ಣಿಗೆ ನಾವು ಕೈಮುಗಿಯಬೇಕು.

ಆದರೆ ಅಲ್ಲಿಂದ ಮುಂದಿನ ಜಿಗಿತ ನೋಡಿ. ತಾಯಿ ಅಣ್ಣಿಗೆರೆಯ ಜೋಯಿಸರ ಮೊಮ್ಮಗಳು ಎಂಬುದು ಕಲ್ಲಿನ ಮಾತು. ಪಂಪ ಅಣ್ಣಿಗೆರೆಯಲ್ಲೇ ಹುಟ್ಟಿದ ಎಂಬುದು ನಮ್ಮ ಮಾತು. ಚೊಚ್ಚಲ ಬಾಣಂತನ ತವರಿನಲ್ಲಿ ಎಂಬ ಇಂದಿನ ರೂಢಿಯನ್ನು ಹತ್ತನೆಯ ಶತಮಾನದ ತುದಿಗೆ ಒಯ್ದು ಹೊಂದಿಸಿದರೆ ಅದು ಒಪ್ಪುವಂಥ ಊಹೆಯೇ, ಆದರೂ ಊಹೆಯೇ. ಮೊಮ್ಮಗಳು ಅಜ್ಜನ ಊರಿನಲ್ಲೇ ಇದ್ದಳೆಂದು ಯಾರು ಹೇಳಿದರು? ನಮ್ಮ ಮನೆಯಾಕೆಯ ತವರು ಗದಗಿನ ಕಡೆ. ಆಕೆಯ ಅಜ್ಜ ಅಲ್ಲಿ, ತಂದೆ ಸೊಲ್ಲಾಪುರದಲ್ಲಿ, ನಮ್ಮ ಮಗಳು ಹುಟ್ಟಿದ್ದು ಸಿಕಂದರಾಬಾದಿನ ಆಸ್ಪತ್ರೆಯಲ್ಲಿ. ಸಾವಿರ ವರ್ಷದ ಮೇಲೆ ಯಾರಾದರೂ ನಮ್ಮ ಲಗ್ನಪತ್ರಿಕೆ ಒಂದನ್ನೇ ಹಿಡಿದು ಮಗಳ ಹುಟ್ಟೂರು ಗದಗೆಂದು ತೀರ್ಮಾನಿಸಿದರೆ ಹೇಗೋ ಹಾಗೆ. ಅಣ್ಣಿಗೆರೆಯವರಿಗೆ ಇದರಿಂದ ಬೇಸರವಾಗಬಾರದು. ಅಜ್ಜನ ಊರೆಂಬ ಅಭಿಮಾನವನ್ನು ಯಾರೂ ಕಸಿಯಲಾರರು.

ತೆಲುಗಿನ ಕಡೆಗೆ ಬಂದರೆ ಅಲ್ಲಿಯೂ ಇದೇ ಕತೆ, ಬೇರೆ ಕಡತ. ವಿದ್ವಾಂಸರಾದ ಎನ್. ವೆಂಕಟರಮಣಯ್ಯನವರು 1953ರಲ್ಲಿ ವೇಮುಲವಾಡದ ಚಾಲುಕ್ಯರ ಮೇಲೆಯೇ ಒಂದು ಗ್ರಂಥ ಬರೆದವರು. ಅವರ ಶ್ರಮಕ್ಕೆ ಎರಡೂ ಭಾಷೆಯವರು ಋಣಿಗಳು. ಆದರೆ ಜನಸಾಮಾನ್ಯರವರೆಗೆ ಇಳಿದು ಬಂದಿರುವುದು ಇಷ್ಟೆ: ಈ ಕಲ್ಲಿನಲ್ಲಿ ಮೂರು ತೆಲುಗು ಕಂದಗಳಿವೆ, ತೆಲುಗು ಪ್ರಾಚೀನ. 2008ರಲ್ಲಿ ಕನ್ನಡಕ್ಕೂ ತೆಲುಗಿಗೂ ಒಟ್ಟಿಗೇ ಶಾಸ್ತ್ರೀಯ ಭಾಷೆಯ ಸ್ಥಾನ ದೊರೆತಾಗಲೂ, ಆಮೇಲೂ, ಕುರಿಕ್ಯಾಲದ ಹೆಸರು ಹೀಗೆಯೇ ಪತ್ರಿಕೆಗಳಲ್ಲಿ ಬಂತು. ಆ ಕಂದಗಳಲ್ಲಿ ಇರುವುದೇನು ಎಂದು ನಾವು ಮೇಷ್ಟರನ್ನು ಕೇಳಿದೆವು. ಬಸದಿ ಎತ್ತಿಸುವುದರಲ್ಲಿ, ಜಿನಪೂಜೆಯಲ್ಲಿ, ಜಿನಮುನಿಗಳಿಗೆ ಅನ್ನವಿಕ್ಕುವುದರಲ್ಲಿ ಜಿನವಲ್ಲಭನಿಗೆ ಸಮಾನರುಂಟೆ ಎಂದು ಒಂದರ ತಾತ್ಪರ್ಯ ಹೇಳಿದರು. ಅನ್ನದಾನದ ವಿಷಯ ಜನರ ಮಾತಿನಲ್ಲಿ ಇದೆ ಎಂಬುದು ನಮಗೆ ಆಗ ಹೊಳೆಯಿತು. ಮೇಷ್ಟರಿಗೂ ಹೊಳೆದಿರಲಿಲ್ಲವೆಂದು ಕಾಣುತ್ತದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು.

ಮೂರನೆಯ ಕಡತ ಶಿಲ್ಪದ್ದು. ಅಲ್ಲಿ ಚಕ್ರೇಶ್ವರಿಗೆ ಎಂಟು ಕೈ, ಪಕ್ಕದಲ್ಲಿ ದಿಗಂಬರ ಜಿನರು ಎಂದು ವರ್ಣನೆ ಇರುತ್ತದೆ, ಒಂದು ಛಾಯಾಚಿತ್ರ. ಸರಿ. ಆದರೆ ಚಕ್ರೇಶ್ವರಿ ಯಾರು? ಮೊದಲ ತೀರ್ಥಂಕರನಾದ ವೃಷಭನಾಥನ ಯಕ್ಷಿ. ಗುಡ್ಡದ ಹೆಸರು? ವೃಷಭಗಿರಿ. ಅಣ್ಣನಾದ ಪಂಪ 941ರಲ್ಲಿ ಮುಗಿಸಿದ ಆದಿಪುರಾಣ ಯಾರ ಕತೆ? ಅದೇ ವೃಷಭನಾಥನದು. ಅಣ್ಣ ಓಲೆಯ ಮೇಲೆ ಬರೆದ ದೇವರನ್ನೇ ತಮ್ಮ ಬಂಡೆಯ ಮೇಲೆ ಬರೆಯಿಸಿದ್ದಾನೆ. ಒಂದೇ ಮನೆಯ ಭಕ್ತಿ ಎರಡು ಬಗೆಯಲ್ಲಿ ಮೂಡಿದೆ. ಸಾಹಿತ್ಯಚರಿತ್ರೆ ಬರೆಯುವವರು ವಿಗ್ರಹವನ್ನು ನೋಡದಿದ್ದರೆ, ಶಿಲ್ಪದ ಬಗ್ಗೆ ಬರೆಯುವವರು ಪುರಾಣವನ್ನು ಓದದಿದ್ದರೆ, ಈ ಸರಳವಾದ ಮಾತು ಯಾರ ಕಡತದಲ್ಲಿಯೂ ದಾಖಲಾಗುವುದಿಲ್ಲ.

ನಮ್ಮ ಅತೃಪ್ತಿ ಇದೇ. ಕಚೇರಿಯಲ್ಲಿ ಒಂದು ಅರ್ಜಿ ಬಂದಿತೆನ್ನಿ. ಅದರಲ್ಲಿ ರಜೆಯ ವಿಷಯವೂ ಇದೆ, ಸಂಬಳದ ವಿಷಯವೂ ಇದೆ, ವರ್ಗದ ವಿಷಯವೂ ಇದೆ. ಮೂರು ಸೆಕ್ಷನ್ನಿನವರು ತಮಗೆ ಬೇಕಾದ ಪ್ಯಾರಾವನ್ನು ಮಾತ್ರ ನಕಲು ಮಾಡಿಕೊಂಡು ಟಿಪ್ಪಣಿ ಏರಿಸುತ್ತಾರೆ. ಯಾರ ಟಿಪ್ಪಣಿಯಲ್ಲೂ ತಪ್ಪಿಲ್ಲ. ಹೆಂಡತಿಗೆ ಕಾಯಿಲೆಯಾದ್ದರಿಂದಲೇ ಅರ್ಜಿದಾರ ಈ ಮೂರನ್ನೂ ಕೇಳಿದ್ದಾನೆ ಎಂಬುದು ಮಾತ್ರ ಯಾರಿಗೂ ಕಾಣುವುದಿಲ್ಲ.

ಈ ಹಂಚಿಕೆ ಇಂದಿನದಲ್ಲ. ನಿಜಾಮರ ಸರ್ಕಾರ 1914ರಲ್ಲಿ ಪುರಾತತ್ವ ಇಲಾಖೆ ತೆರೆದು ಗುಲಾಂ ಯಾಜ್ದಾನಿಯವರನ್ನು ಅದರ ಮೇಲೆ ನೇಮಿಸಿತು. ಮರುವರ್ಷವೇ ರಾಯಚೂರು ಸೀಮೆಯ ಮಸ್ಕಿಯಲ್ಲಿ ಅಶೋಕನ ಹೆಸರು ಹೇಳುವ ಶಾಸನ ಸಿಕ್ಕಿ, ಹೈದರಾಬಾದ್ ಪುರಾತತ್ವ ಮಾಲೆಯ ಮೊದಲ ಪುಸ್ತಕವಾಗಿ ಎಚ್. ಕೃಷ್ಣಶಾಸ್ತ್ರಿಗಳು ಅದನ್ನು ಪ್ರಕಟಿಸಿದರು. ಮುಂದೆ ಅದೇ ಮಾಲೆಯಲ್ಲಿ ತೆಲಂಗಾಣ ಜಿಲ್ಲೆಗಳ ಶಾಸನಗಳೇ ಒಂದು ಕಡೆ, ಕನ್ನಡ ಜಿಲ್ಲೆಗಳ ಶಾಸನಗಳೇ ಒಂದು ಕಡೆ ಎಂದು ಸಂಪುಟಗಳಾದವು. ಕನ್ನಡ ಜಿಲ್ಲೆಗಳದನ್ನು ಪಿ. ಬಿ. ದೇಸಾಯಿಯವರು ಸಂಪಾದಿಸಿದರು; 1958ರಲ್ಲಿ ಅದು ಹೊರಬರುವ ಹೊತ್ತಿಗೆ ಹೆಸರಿನಲ್ಲಿದ್ದ ಹೈದರಾಬಾದ್ ಸಂಸ್ಥಾನವೇ ಇರಲಿಲ್ಲ, 1956ರಲ್ಲಿ ಹರಿದು ಮೂರು ರಾಜ್ಯಗಳಿಗೆ ಹೋಗಿತ್ತು. ಆಡಳಿತದ ಅನುಕೂಲಕ್ಕೆ ಜಿಲ್ಲೆವಾರು ವಿಂಗಡಣೆ ಬೇಕು, ನಿಜ. ಆದರೆ ತೆಲಂಗಾಣದ ಸಂಪುಟ ತೆರೆದರೆ ಅದರ ತುಂಬ ಕನ್ನಡ ಶಾಸನಗಳು! ಕಲ್ಲುಗಳಿಗೆ ಜಿಲ್ಲೆಯ ಗಡಿ ಗೊತ್ತಿರಲಿಲ್ಲ. ಓದುವವರಿಗೆ ಮಾತ್ರ ಆ ಗಡಿ ಕಣ್ಣಿಗೆ ಕಟ್ಟಿದ ಪಟ್ಟಿಯಾಯಿತು.

ಹಾಗಾದರೆ ಇಡಿಯಾಗಿ ನೋಡಿದವರು ಯಾರೂ ಇಲ್ಲವೆ? ಇದ್ದಾರೆ, ಅದೂ ಈ ಗುಡ್ಡದ ನೆರೆಯಲ್ಲೇ ಬರೆದ ಒಂದು ಗ್ರಂಥವನ್ನು ಹಿಡಿದು. ಸೋಮದೇವಸೂರಿ ಎಂಬ ಜೈನಮುನಿ ತನ್ನ ಯಶಸ್ತಿಲಕವೆಂಬ ಸಂಸ್ಕೃತ ಚಂಪುವನ್ನು 959ರಲ್ಲಿ ಗಂಗಾಧರವೆಂಬಲ್ಲಿ ಮುಗಿಸಿದ. ಅರಿಕೇಸರಿಯ ಮಗ ಆಗ ಅಲ್ಲಿ ಆಳುತ್ತಿದ್ದ. ಆ ಗಂಗಾಧರ ಇದೇ ಎಂದು ಅನೇಕ ವಿದ್ವಾಂಸರ ಅಭಿಪ್ರಾಯ. ಏಳು ವರ್ಷದ ಮೇಲೆ, 966ರಲ್ಲಿ, ಅದೇ ಮನೆತನದ ಮತ್ತೊಬ್ಬ ಅರಿಕೇಸರಿ ವೇಮುಲವಾಡದ ಬಸದಿಗಾಗಿ ಈ ಸೋಮದೇವನಿಗೆ ಊರನ್ನು ಬಿಟ್ಟುಕೊಟ್ಟ ತಾಮ್ರಪಟ ಪರಭಣಿಯಲ್ಲಿ ಸಿಕ್ಕಿದೆ. ಈ ಯಶಸ್ತಿಲಕದ ಮೇಲೆ ಕೃಷ್ಣಕಾಂತ ಹಂಡಿಕಿ ಎಂಬವರು ಬರೆದ ಪುಸ್ತಕ 1949ರಲ್ಲಿ ಸೊಲ್ಲಾಪುರದ ಜೈನ ಗ್ರಂಥಮಾಲೆಯಿಂದ ಹೊರಬಂತು. ಬರೆದವರು ಎಲ್ಲಿಯವರು? ಅಸ್ಸಾಮಿನವರು; ಗೌಹಾತಿ ವಿಶ್ವವಿದ್ಯಾಲಯದ ಮೊದಲ ಕುಲಪತಿಗಳು. ಅವರಿಗೆ ಇದು ನಮ್ಮ ಭಾಷೆ, ನಮ್ಮ ನೆಲ, ನಮ್ಮ ಮತ ಎಂಬ ಯಾವ ಹಕ್ಕುಪತ್ರವೂ ಬೇಕಿರಲಿಲ್ಲ. ಒಂದು ಕಾವ್ಯದೊಳಗಿಂದ ಆ ಕಾಲದ ರಾಜಕಾರಣ, ಶೈವ ಪಂಥಗಳು, ಜೈನರ ಆಚಾರ, ವಾದವಿವಾದ ಎಲ್ಲವನ್ನೂ ಒಂದರ ಪಕ್ಕದಲ್ಲೊಂದು ಇಟ್ಟು ನೋಡಿದರು. ಪುಸ್ತಕ ದಪ್ಪವಾಗಿದೆ, ಅಲ್ಲಲ್ಲಿ ನಮ್ಮಂಥವರಿಗೆ ಕಬ್ಬಿಣದ ಕಡಲೆ. ಆದರೂ ಓದುತ್ತ ಹೋದಂತೆ ಆ ಶತಮಾನದ ಜನ ಎದ್ದು ಓಡಾಡುತ್ತಾರೆ.

ಕನ್ನಡದಲ್ಲಿಯೂ ಅಂಥ ಮಾದರಿ ಇಲ್ಲದಿಲ್ಲ. ಎಂ. ಚಿದಾನಂದಮೂರ್ತಿಯವರ 'ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ' 1966ರಲ್ಲಿ ಬಂದದ್ದು. 450ರಿಂದ 1150ರವರೆಗಿನ ಶಾಸನಗಳಲ್ಲಿ ರಾಜರ ಪಟ್ಟಿಯನ್ನಷ್ಟೇ ಹುಡುಕದೆ, ಜನ ಹೇಗೆ ಬಾಳಿದರು, ಏನನ್ನು ನಂಬಿದರು ಎಂದು ಕೇಳಿದ ಪುಸ್ತಕ. ನಮ್ಮ ಸಂಘಗಳ ಕಪಾಟಿನಲ್ಲಿ ಕಾದಂಬರಿಗಳ ನಡುವೆ ಇದಕ್ಕೊಂದು ಜಾಗ ಇರಬೇಕು.

ಹಾಗೆ ಕೇಳುವವರು ಕುರಿಕ್ಯಾಲಕ್ಕೆ ಬಂದರೆ ಕೇಳಬೇಕಾದದ್ದು ಎಷ್ಟೊಂದಿದೆ! ಜಿನಬಿಂಬ ಕಡೆಯಿಸುವ ಜೈನನೊಬ್ಬ ತನ್ನ ಗೋತ್ರವನ್ನೂ ಬ್ರಾಹ್ಮಣ ಶಾಖೆಯನ್ನೂ ಏಕೆ ಹೇಳಿಕೊಳ್ಳುತ್ತಾನೆ? ವೈದಿಕ ಮನೆತನದಲ್ಲಿ ಹುಟ್ಟಿದ ತಂದೆ ಜಿನಧರ್ಮಕ್ಕೆ ಒಲಿದನೆಂದು ಪಂಪನೇ ಭಾರತದ ಕೊನೆಯಲ್ಲಿ ಹೇಳಿದ್ದಾನೆ. ಆದರೆ ಮಕ್ಕಳು ಹಳೆಯದನ್ನು ಅಳಿಸಿಹಾಕಲಿಲ್ಲ. ಮತ ಬದಲಾಯಿಸುವುದೆಂದರೆ ಫಾರಮಿನಲ್ಲಿ ಒಂದು ಕಾಲಂ ತಿದ್ದಿದ ಹಾಗೆ ಎಂದು ತಿಳಿದಿರುವ ನಮಗೆ ಇದು ಯೋಚಿಸಬೇಕಾದ ಸಂಗತಿ. ಇನ್ನು ಮೂರು ಭಾಷೆಯ ಪ್ರಶ್ನೆ. ಯಾರು ಓದಲೆಂದು ಯಾವುದನ್ನು ಬರೆಯಿಸಿದ? ಸಂಸ್ಕೃತ ಮುನಿಗಳಿಗೆ, ಕನ್ನಡ ಮನೆತನಕ್ಕೂ ರಾಜನ ಓಲಗಕ್ಕೂ, ತೆಲುಗು ಸುತ್ತಲ ಊರಿನವರಿಗೆ, ಹೀಗಿರಬಹುದೆ? ಇದು ನಮ್ಮ ಊಹೆ. ತಿಳಿದವರು ಬೇಕಾದರೆ ಹೊಡೆದುಹಾಕಲಿ. ಆದರೆ ಈ ಪ್ರಶ್ನೆಯನ್ನು ಬಿಟ್ಟು, ಯಾವ ಭಾಷೆ ಮೊದಲು, ನೆಲ ಯಾರದು ಎಂಬುದೊಂದನ್ನೇ ಕೇಳುತ್ತ ಕುಳಿತರೆ ಕಲ್ಲು ಮಾತಾಡುವುದಿಲ್ಲ. ತಂದೆ ವೆಂಗಿಯ ಕಡೆ, ತಾಯಿ ಅಣ್ಣಿಗೆರೆಯ ಕಡೆ, ಅನ್ನ ವೇಮುಲವಾಡದ್ದು, ಅಗ್ರಹಾರ ಸಬ್ಬಿನಾಡಿನದು. ಹೀಗೆ ಊರಿಂದೂರಿಗೆ ಬಂದು ನೆಲೆ ನಿಂತ ಸಂಸಾರವೊಂದರ ಕಾಗದ ಅದು. ರಾಜ್ಯದ ಗಡಿಯ ದಾವೆಗೆ ಲಗತ್ತಿಸಲು ಬರೆದದ್ದಲ್ಲ.

ಕಳೆದ ಚಳಿಗಾಲದ ಒಂದು ಭಾನುವಾರ ಜೂಬ್ಲಿ ಬಸ್ ನಿಲ್ದಾಣದಿಂದ ಬೆಳಗಿನ ಬಸ್ಸು ಹಿಡಿದು ಕರೀಂನಗರಕ್ಕೆ, ಅಲ್ಲಿಂದ ಕುರಿಕ್ಯಾಲಕ್ಕೆ ಹೋದೆವು. ನಾವು, ನಮ್ಮ ಮನೆಯಾಕೆ, ಒಂಬತ್ತನೆಯ ತರಗತಿಯ ಮಗಳು, ಜೊತೆಗೆ ಆ ತೆಲುಗು ಮೇಷ್ಟರು. ಚಪಾತಿ, ಶೇಂಗಾ ಚಟ್ನಿ ಕಟ್ಟಿಕೊಂಡಿದ್ದೆವು. ಕರೀಂನಗರ ಸೀಮೆ ಗ್ರಾನೈಟ್ ಗಣಿಗಳಿಗೆ ಹೆಸರಾದದ್ದು. ಕಲ್ಲು ಹೇರಿದ ಲಾರಿಗಳು ದಾರಿಯುದ್ದಕ್ಕೂ. ಈ ಗುಡ್ಡಕ್ಕೂ ಗಣಿಯ ಭಯ ತಪ್ಪಿಲ್ಲವೆಂದು ಪತ್ರಿಕೆಗಳಲ್ಲಿ ಓದಿದ್ದೆವು. ಬಂಡೆಯ ಮುಂದೆ ನಿಂತಾಗ ನಮಗೆ ಅಕ್ಷರ ಓದಲು ಬರಲಿಲ್ಲ. ಮೇಷ್ಟರಿಗೂ ಬರಲಿಲ್ಲ. ಹತ್ತನೆಯ ಶತಮಾನದ ಲಿಪಿ ಎರಡು ಭಾಷೆಗೂ ಒಂದೇ. ಇಬ್ಬರೂ ಸಮಾನವಾಗಿ ನಿರಕ್ಷರಿಗಳು. ಬರೆದು ತಂದಿದ್ದ ಪಾಠವನ್ನು ಚೀಲದಿಂದ ತೆಗೆದೆವು. ಕನ್ನಡದ ಭಾಗವನ್ನು ನಾವು ತಡವರಿಸುತ್ತ ಓದಿದೆವು. ಇಲ್ಲಿಯ ಶಾಲೆಗಳಲ್ಲಿ 2018ರ ಕಾನೂನಿನಂತೆ ತೆಲುಗು ಕಲಿಯಲೇಬೇಕಲ್ಲ, ಮಗಳು ತೆಲುಗಿನ ಕಂದಗಳನ್ನು ಓದಿದಳು. ನಮಗಿಂತ ಸಲೀಸಾಗಿ ಓದಿದಳು. ಮೇಷ್ಟರು ಎರಡು ಕಡೆ ತಿದ್ದಿದರು.

ಓದಿ ಮುಗಿಸಿ ಮಗಳು ಕೇಳಿದಳು: "ಅಪ್ಪಾ, ಇವರ ಮನೇಲಿ ಊಟಕ್ಕೆ ಕೂತಾಗ ಯಾವ ಭಾಷೆ ಮಾತಾಡ್ತಿದ್ರು?"

ನಾವು ಓದಿದ ಯಾವ ಪುಸ್ತಕದಲ್ಲೂ ಈ ಪ್ರಶ್ನೆ ಇರಲಿಲ್ಲ. ಮೇಷ್ಟರ ಮುಖ ನೋಡಿದೆವು. ಅವರು, "ಅಮ್ಮನೊಂದಿಗೆ ಒಂದು, ಅಪ್ಪನೊಂದಿಗೆ ಒಂದು ಇದ್ದೀತಮ್ಮಾ" ಎಂದು ತೆಲುಗಿನಲ್ಲಿ ಹೇಳಿದರು. ಮನೆಯಾಕೆ, "ನಮ್ಮನ್ಯಾಗ ಆಗೂದೂ ಅದss ಅಲ್ಲೇನ್ರಿ" ಎಂದಳು.

ಇಳಿದು ಬರುವಾಗ, ಕವಿತಾಗುಣಾರ್ಣವದ ಕೆರೆ ಎಲ್ಲಿರಬಹುದೆಂದು ದಾರಿಯಲ್ಲಿ ಆಡು ಕಾಯುತ್ತಿದ್ದ ಮುದುಕರೊಬ್ಬರನ್ನು ವಿಚಾರಿಸಿದೆವು. ಆ ಹೆಸರು ಅವರು ಕೇಳಿರಲಿಲ್ಲ. ಹಳೆಯ ಕೆರೆ ಬೇಕೇ ಎಂದು ಕೋಲಿನಿಂದ ಒಂದು ದಿಕ್ಕಿಗೆ ತೋರಿಸಿದರು. ಸ್ವಲ್ಪ ಯೋಚಿಸಿ ಇನ್ನೊಂದು ದಿಕ್ಕಿಗೂ ತೋರಿಸಿದರು. ಬಸ್ಸಿಗೆ ಹೊತ್ತಾಗಿತ್ತು. ಎರಡನ್ನೂ ನೋಡಲು ಆಗಲಿಲ್ಲ. ಬೇಸಿಗೆಯ ರಜೆಯಲ್ಲಿ ಮತ್ತೊಮ್ಮೆ ಹೋಗುವವರಿದ್ದೇವೆ. ಜೊತೆಗೆ ಬರುವ ಮನಸ್ಸಿದ್ದವರು ಮುಂಚಿತವಾಗಿ ತಿಳಿಸಿದರೆ ಒಂದು ವ್ಯಾನು ಗೊತ್ತುಮಾಡಬಹುದು.